ಅಟ್ಟದ ಮೇಲಿನ ಕ್ಯಾಸೆಟ್ಟು, ಮೂಲೆಯ ಟಿವಿ ಗೇಮು: ಹಳೆಯ ಮಾಧ್ಯಮಗಳನ್ನು ಮತ್ತೆ ಓಡಿಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಹಳೆಯ ಕ್ಯಾಸೆಟ್ ಕೈಗೆ ಸಿಕ್ಕ ಕೂಡಲೇ ಮನೆಯಲ್ಲಿರುವ ಯಾವುದಾದರೂ ಟೇಪ್ ರೆಕಾರ್ಡರಿಗೆ ತುರುಕಿ ಗುಂಡಿ ಒತ್ತುವವರೇ ಹೆಚ್ಚು. ಕಾಲು ಶತಮಾನ ಸುಮ್ಮನಿದ್ದ ಯಂತ್ರ ಆ ರೀಲನ್ನು ನಿಮಿಷದೊಳಗೆ ಎಳೆದು, ಸುತ್ತಿ, ಮುದ್ದೆ ಮಾಡಿ ಕೈಗೆ ಕೊಡುತ್ತದೆ. ಅಂಗಡಿಯಲ್ಲಿ ಕೊಂಡ ಭಕ್ತಿಗೀತೆಯ ಕ್ಯಾಸೆಟ್ಟಾಗಿದ್ದರೆ ಇನ್ನೊಂದು ಪ್ರತಿ ಎಲ್ಲಾದರೂ ಇರುತ್ತದೆ. ಅಜ್ಜಿ ಹಾಡಿದ ಸೋಬಾನೆ ಪದವಾಗಿದ್ದರೆ ಮುಗಿಯಿತು. ಆದ್ದರಿಂದ ಈ ಹವ್ಯಾಸಕ್ಕೆ ಕೈಹಾಕುವವರು ಒಂದು ಕ್ರಮವನ್ನು ಪಾಲಿಸಬೇಕು: ಮೊದಲು ಯಂತ್ರ, ಆಮೇಲೆ ಕ್ಯಾಸೆಟ್ಟು, ಮೊದಲು ಬೆಲೆಯಿಲ್ಲದ ಕ್ಯಾಸೆಟ್ಟು, ಕೊನೆಗೆ ಬೆಲೆ ಕಟ್ಟಲಾಗದ್ದು. ವಿಡಿಯೋ ಗೇಮಿಗೂ ಇದೇ ಮಾತು ಸಲ್ಲುತ್ತದೆ.

ಎಲ್ಲಿ ಹುಡುಕಬೇಕು

ದುಡ್ಡು ಕೊಟ್ಟು ಅಂತರ್ಜಾಲದಲ್ಲಿ ಕೊಳ್ಳುವ ಮುನ್ನ ಬಂಧುಗಳ ಮನೆಗಳನ್ನು ಒಂದು ಸುತ್ತು ಹಾಕಿ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ತುಮಕೂರಿನಲ್ಲಿ ತಿಂಗಳ ಸಂಬಳವಿದ್ದ ಮನೆಗಳಿಗೆ, ಅದರಲ್ಲೂ ಎಚ್ಎಂಟಿ ಕೈಗಡಿಯಾರ ಕಾರ್ಖಾನೆಯ ನೌಕರರ ಮನೆಗಳಂಥವಕ್ಕೆ, ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಎರಡೂ ಇರುವ ಟು-ಇನ್-ಒನ್ ಬಂದದ್ದು ಹಬ್ಬದ ಖರೀದಿಯಾಗಿ. ಅವುಗಳಲ್ಲಿ ಹಲವು ಇನ್ನೂ ಕಪಾಟಿನ ಮೇಲಿವೆ. ಕೆಟ್ಟುಹೋಗಿವೆ ಎಂಬ ಕಾರಣಕ್ಕೇ ಉಳಿದುಕೊಂಡಿವೆ. ಯುಗಾದಿ ಮತ್ತು ಆಯುಧಪೂಜೆಗೆ ಮುಂಚಿನ ಎರಡು ವಾರ ಬಹಳ ಮುಖ್ಯ. ಮನೆಗೆ ಸುಣ್ಣ ಬಣ್ಣ ಹೊಡೆಸುವ ಹೊತ್ತಿನಲ್ಲಿ ಅಟ್ಟದ ಸಾಮಾನೆಲ್ಲ ಕೆಳಗಿಳಿದು, ಅಲ್ಲಿಂದ ನೇರವಾಗಿ ಹಳೇ ಪೇಪರಿನವನ ಗಾಡಿಗೆ ಹೋಗುತ್ತದೆ. "ನಿಮ್ಮಲ್ಲಿ ಹಳೆಯ ಟೇಪ್ ರೆಕಾರ್ಡರ್ ಏನಾದರೂ ಇದೆಯಾ ದೊಡ್ಡಪ್ಪ, ಕೆಟ್ಟಿದ್ದರೂ ಪರವಾಗಿಲ್ಲ" ಎಂದು ಅದಕ್ಕೂ ಮೊದಲೇ ಕೇಳಿಟ್ಟಿರಬೇಕು.

ತಿಪಟೂರು, ಗುಬ್ಬಿ ಕಡೆಯ ತೋಟದ ಮನೆಗಳಲ್ಲಿ ಉಂಡೆ ಕೊಬ್ಬರಿಗೆಂದು ತೆಂಗಿನಕಾಯಿ ತುಂಬುವ ಅಟ್ಟದಲ್ಲೇ ಕ್ಯಾಸೆಟ್ ಪೆಟ್ಟಿಗೆಯೂ ಇರುವುದುಂಟು. ಅಲ್ಲಿ ಕಾಯಿಯ ನಾರು, ಒಲೆಯ ಮಸಿ, ದೂಳು ಮೂರೂ ಸೇರಿ ಕೂತಿರುತ್ತವೆ. ಅಂಥ ಪೆಟ್ಟಿಗೆಯನ್ನು ಮನೆಯೊಳಗೆ ತೆರೆಯದೆ ಅಂಗಳದಲ್ಲಿ ತೆರೆಯಿರಿ. ಒಣ ಕುಂಚದಿಂದ ಹೊರಗಿನ ದೂಳು ಝಾಡಿಸಿದ ಮೇಲಷ್ಟೇ ಕ್ಯಾಸೆಟ್ಟನ್ನು ಡಬ್ಬಿಯಿಂದ ಹೊರತೆಗೆಯಿರಿ. ಪಾವಗಡ, ಶಿರಾ ಸೀಮೆಯ ತಗಡಿನ ಮಾಡಿನ ಕೆಳಗೆ ಇದ್ದವುಗಳ ಸಮಸ್ಯೆ ಬೇರೆ: ಬೇಸಿಗೆಯ ಕಾವಿಗೆ ಪ್ಲಾಸ್ಟಿಕ್ ಕವಚ ಸೊಟ್ಟಗಾಗಿರುತ್ತದೆ, ರೀಲು ಚೆನ್ನಾಗಿಯೇ ಇರುತ್ತದೆ. ಅದನ್ನು ಹೇಗೆ ಉಳಿಸಿಕೊಳ್ಳಬೇಕೆಂದು ಮುಂದೆ ಹೇಳುತ್ತೇನೆ.

ಗುಜರಿ ಅಂಗಡಿಗಳಲ್ಲೂ ಸಿಗುತ್ತವೆ. ಬಿಡಿಭಾಗ ಬೇಕಾದಾಗ ಬೆಳಿಗ್ಗೆಯ ರೈಲು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಂದರಾಯಿತು. ಪೇಟೆಯಲ್ಲಿ ವಯಸ್ಸಾದ ರೇಡಿಯೋ ಮೆಕ್ಯಾನಿಕ್ ಯಾರಾದರೂ ಇನ್ನೂ ಅಂಗಡಿ ತೆರೆಯುತ್ತಿದ್ದರೆ ಅವರ ಪರಿಚಯ ಮಾಡಿಕೊಳ್ಳಿ. ಟೇಪ್ ರೆಕಾರ್ಡರಿನ ಚಕ್ರಗಳನ್ನು ತಿರುಗಿಸುವ ರಬ್ಬರ್ ಬೆಲ್ಟುಗಳು ಅವರ ಡಬ್ಬಿಯಲ್ಲಿರುತ್ತವೆ, ಅಂಥವು ಯಾವ ಜಾಲತಾಣದಲ್ಲೂ ಸಿಗುವುದಿಲ್ಲ.

ಕೈಯಲ್ಲಿರಬೇಕಾದ ಸಾಮಾನು

ಸಣ್ಣ ಸ್ಕ್ರೂ ಡ್ರೈವರುಗಳ ಒಂದು ಸೆಟ್, ಚಿಮುಟ, ಹತ್ತಿ ಕಡ್ಡಿ, ಒಂದು ಅಗ್ಗದ ಮಲ್ಟಿಮೀಟರ್, ಷಟ್ಕೋನದ ಪೆನ್ಸಿಲ್, ಪೆನ್ಸಿಲ್ ರಬ್ಬರ್, ಐಸೊಪ್ರೊಪೈಲ್ ಆಲ್ಕೊಹಾಲ್. ಕೊನೆಯದನ್ನು ಔಷಧಿ ಅಂಗಡಿಯಲ್ಲಿ ಕೇಳಿದರೆ ಸರ್ಜಿಕಲ್ ಸ್ಪಿರಿಟ್ ಕೊಟ್ಟಾರು. ಅದರಲ್ಲಿ ಎಣ್ಣೆಯಂಶ ಇರಬಹುದು, ಬೇಡ. ಮೊಬೈಲ್ ರಿಪೇರಿಯವರು ಐಪಿಎ ಎಂದು ಕರೆದು ಬಳಸುವ ಶೇ. 99ರ ದ್ರವವೇ ಬೇಕು. ಬೆಂಕಿಯಿಂದ ದೂರವಿಡಿ, ಕಿಟಕಿ ತೆರೆದಿಟ್ಟು ಕೆಲಸ ಮಾಡಿ.

ಟೇಪ್ ರೆಕಾರ್ಡರನ್ನು ಸಜ್ಜುಗೊಳಿಸುವುದು

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟಿನ ರೀಲು 3.81 ಮಿ.ಮೀ. ಅಗಲ, ಅದು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ ಓಡಬೇಕು. ಇಷ್ಟು ಕಿರಿದಾದ ಪಟ್ಟಿಯಲ್ಲಿ ಎರಡು ಬದಿಯ ಸ್ಟೀರಿಯೋ ಸೇರಿ ನಾಲ್ಕು ಜಾಡುಗಳಿರುತ್ತವೆ. ರೀಲಿನಿಂದ ಧ್ವನಿಯನ್ನು ಓದುವ ಭಾಗವಾದ ಹೆಡ್ಡಿನ ಮೇಲೆ ಕೂದಲೆಳೆಯಷ್ಟು ಕೊಳೆ ಕೂತರೂ ಧ್ವನಿ ಮಂಕಾಗುವುದು ಇದಕ್ಕೇ.

ಮೊದಲು ವಿದ್ಯುತ್ ಸಂಪರ್ಕ ತೆಗೆಯಿರಿ. ಬ್ಯಾಟರಿ ಗೂಡನ್ನು ನೋಡಿ. ಸೋರಿದ ಸೆಲ್ಲಿನ ಬಿಳಿ ಅಥವಾ ಹಸಿರು ಪುಡಿ ಸ್ಪ್ರಿಂಗುಗಳ ಮೇಲಿದ್ದರೆ ಕೆರೆದು ತೆಗೆಯಿರಿ. ಕ್ಯಾಸೆಟ್ ಬಾಗಿಲು ತೆರೆದು ಪ್ಲೇ ಒತ್ತಿ. ಹೆಡ್ಡು ಮುಂದಕ್ಕೆ ಬರುತ್ತದೆ. ಐಪಿಎ ಅದ್ದಿದ ಹತ್ತಿ ಕಡ್ಡಿಯಿಂದ ಹೆಡ್ಡಿನ ಹೊಳೆಯುವ ಮುಖವನ್ನೂ ಪಕ್ಕದಲ್ಲಿರುವ ತೆಳ್ಳನೆಯ ಉಕ್ಕಿನ ಕಡ್ಡಿಯನ್ನೂ ಒರೆಸಿ. ಆ ಕಡ್ಡಿಯ ಹೆಸರು ಕ್ಯಾಪ್‌ಸ್ಟನ್. ರೀಲನ್ನು ಸಮವೇಗದಲ್ಲಿ ಎಳೆಯುವುದು ಅದೇ. ಹತ್ತಿ ಕಂದಾಗುವುದು ನಿಂತಾಗ ಕೆಲಸ ಮುಗಿದಿದೆ ಎಂದರ್ಥ. ಕ್ಯಾಪ್‌ಸ್ಟನ್ನಿಗೆ ಒತ್ತಿಕೊಳ್ಳುವ ಕಪ್ಪು ರಬ್ಬರಿನ ಪಿಂಚ್ ರೋಲರಿಗೆ ಮಾತ್ರ ಐಪಿಎ ಬೇಡ, ರಬ್ಬರು ಒಣಗುತ್ತದೆ. ಸೋಪಿನ ನೀರು ತಾಗಿಸಿದ ಕಡ್ಡಿಯಿಂದ ಒರೆಸಿ, ಒಣಬಟ್ಟೆಯಿಂದ ಮುಗಿಸಿ. ರೋಲರಿನ ಮೈ ಗಾಜಿನ ಹಾಗೆ ನುಣುಪಾಗಿ ಗಟ್ಟಿಯಾಗಿದ್ದರೆ ಅದನ್ನು ಬದಲಾಯಿಸಲೇಬೇಕು.

ಈಗ ಕರೆಂಟು ಕೊಟ್ಟು, ಕ್ಯಾಸೆಟ್ ಹಾಕದೆಯೇ ಪ್ಲೇ ಒತ್ತಿ ಎರಡು ಹಲ್ಲುಚಕ್ರಗಳನ್ನು ಗಮನಿಸಿ. ಓಡಿದ ರೀಲನ್ನು ಸುತ್ತಿಕೊಳ್ಳಬೇಕಾದ ಚಕ್ರ ತಿರುಗದಿದ್ದರೆ, ಕ್ಯಾಪ್‌ಸ್ಟನ್ ಎಳೆದು ಹಾಕಿದ ರೀಲೆಲ್ಲ ಒಳಗೆ ರಾಶಿ ಬೀಳುತ್ತದೆ. "ಟೇಪು ಕ್ಯಾಸೆಟ್ ತಿಂದುಹಾಕಿತು" ಎಂದು ಎಲ್ಲರೂ ದೂರುವುದು ಇದನ್ನೇ. ತಪ್ಪು ಬಹುತೇಕ ಬೆಲ್ಟಿನದು. ತಿರುಗುವ ಚಕ್ರವನ್ನು ಬೆರಳಿನಿಂದ ಮೆಲ್ಲನೆ ಹಿಡಿದು ನೋಡಿ. ತುಸು ಜಗ್ಗಬೇಕು, ಮುಟ್ಟಿದ ಕೂಡಲೇ ನಿಲ್ಲಬಾರದು.

ಬೆಲ್ಟು ಬದಲಿಸಲು ಹಿಂದಿನ ಮುಚ್ಚಳ ಬಿಚ್ಚಬೇಕು. ಪ್ಲಗ್ ಗೋಡೆಯಿಂದ ಹೊರಗಿದೆಯೇ ಎಂದು ಇನ್ನೊಮ್ಮೆ ನೋಡಿ. ಸಡಿಲಗೊಂಡ ಬೆಲ್ಟಾಗಿದ್ದರೆ ತೆಗೆದು ಹೊಸದು ಹಾಕಿದರಾಯಿತು. ಕರಗಿಹೋದ ಬೆಲ್ಟಾಗಿದ್ದರೆ ಹಲಸಿನ ಮೇಣದಂತೆ ಕೈಗೂ ಪುಲ್ಲಿಗೂ ಅಂಟಿಕೊಂಡು ಬಿಡಿಸಲು ಬಾರದು. ಕೈಗವಸು ಹಾಕಿ, ಐಪಿಎ ಸುರಿದು, ಪುಲ್ಲಿಗಳ ಗೀರಿನಲ್ಲಿ ಚೂರೂ ಉಳಿಯದಂತೆ ತೆಗೆಯಿರಿ. ಹೊಸ ಬೆಲ್ಟಿನ ಅಳತೆಗೆ ಹಗ್ಗವೊಂದನ್ನು ಬೆಲ್ಟು ಹಾದುಹೋಗುವ ದಾರಿಯಲ್ಲೇ ಸುತ್ತಿ ಉದ್ದ ನೋಡಿ, ಅದಕ್ಕಿಂತ ಶೇ. 5ರಷ್ಟು ಚಿಕ್ಕ ಬೆಲ್ಟು ಬೇಕು. ಹಳೆಯದು ಚೌಕವೋ ಚಪ್ಪಟೆಯೋ ಎಂಬುದನ್ನೂ ಬರೆದುಕೊಳ್ಳಿ. ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಅದೇ.

ಎಲ್ಲ ಆದ ಮೇಲೆ ಹೋದರೆ ಹೋಗಲಿ ಎನ್ನುವಂಥ ಒಂದು ಕ್ಯಾಸೆಟ್ ಹಾಕಿ ಎರಡೂ ಬದಿ ಪೂರ್ತಿ ಓಡಿಸಿ. ಎರಡೇ ನಿಮಿಷ ಓಡಿಸಿ "ಸರಿಯಾಗಿದೆ" ಎನ್ನಬೇಡಿ. ರೀಲಿನ ತೂಕವೆಲ್ಲ ಒಂದೇ ಕಡೆ ಸೇರಿದಾಗ, ಅಂದರೆ ಬದಿಯ ಕೊನೆಯ ಹತ್ತು ನಿಮಿಷಗಳಲ್ಲಿ, ದುರ್ಬಲ ಬೆಲ್ಟು ಸೋಲುತ್ತದೆ.

ಕ್ಯಾಸೆಟ್ ಬಿಚ್ಚಿ ಜೋಡಿಸುವ ಕೆಲಸ

ಕ್ಯಾಸೆಟ್ಟಿನ ಕಿಂಡಿಯಲ್ಲಿ ಇಣುಕಿ ನೋಡಿ. ತೆರೆದ ಅಂಚಿನ ನಡುವೆ, ತಾಮ್ರಬಣ್ಣದ ತೆಳು ಪಟ್ಟಿಯ ಮೇಲೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಉಣ್ಣೆಯ ತುಣುಕು ಇರಬೇಕು. ರೀಲನ್ನು ಹೆಡ್ಡಿಗೆ ಒತ್ತಿಹಿಡಿಯುವುದು ಅದೇ. ಅಂಟು ಒಣಗಿ ಅದು ಉದುರಿಹೋಗಿದ್ದರೆ ಧ್ವನಿ ಬರುತ್ತದೆ ಹೋಗುತ್ತದೆ. ಜನ ರೀಲು ಹಾಳಾಗಿದೆ ಎಂದು ಎಸೆದುಬಿಡುತ್ತಾರೆ. ಬೇರೊಂದು ಕ್ಯಾಸೆಟ್ಟಿನ ತುಣುಕನ್ನು ಪಟ್ಟಿಸಮೇತ ತೆಗೆದು ಇದರೊಳಗೆ ಕೂರಿಸಿದರೆ ಹಾಡು ಮರಳುತ್ತದೆ.

ಮೂಲೆಗಳಲ್ಲಿ ನಾಲ್ಕು, ನಡುವೆ ಒಂದು ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಅದೃಷ್ಟ. ಹಳೆಯ ದಿನಪತ್ರಿಕೆ ಹಾಸಿ ಕ್ಯಾಸೆಟ್ಟನ್ನು ಮಲಗಿಸಿ, ಸ್ಕ್ರೂ ಬಿಚ್ಚಿ, ಮೇಲಿನ ಅರ್ಧವನ್ನು ನೇರವಾಗಿ ಮೇಲಕ್ಕೆತ್ತಿ. ಫ್ಯಾನ್ ಆರಿಸಿರಿ. ಕೂಡಲೇ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ: ಎರಡು ಸುರುಳಿ, ಕೆಳಮೂಲೆಗಳ ಎರಡು ಪುಟ್ಟ ಉರುಳೆ, ಮೇಲೊಂದು ಕೆಳಗೊಂದು ಜಾರುಹಾಳೆ, ಉಣ್ಣೆಯ ಪಟ್ಟಿ, ಅದರ ಹಿಂದೆ ಲೋಹದ ಚಿಕ್ಕ ತಗಡು. ರೀಲು ಯಾವ ಉರುಳೆಯ ಹೊರಗಿನಿಂದ ಹಾದಿದೆ ಎಂಬುದೇ ಮರುಜೋಡಣೆಯಲ್ಲಿ ಮರೆತುಹೋಗುವ ಸಂಗತಿ.

ತಗಡಿನ ಮಾಡಿನ ಕೆಳಗೆ ಸೊಟ್ಟಗಾದ ಕವಚವೂ, ಸ್ಕ್ರೂ ಇಲ್ಲದ ಅಂಟಿಸಿದ ಕವಚವೂ ಇಲ್ಲಿ ಒಂದೇ ಬಗೆ. ಅಂಚಿನ ಬೆಸುಗೆಗೆ ತೆಳು ಚಾಕು ತೂರಿಸಿ ಬಿರಿಸಿ, ಎರಡು ಸುರುಳಿಗಳನ್ನು ಒಟ್ಟಿಗೇ ಎತ್ತಿ, ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಕವಚಕ್ಕೆ ಇಳಿಸಿ.

ರೀಲು ತುಂಡಾಗಿದ್ದರೆ ಎರಡು ತುದಿಗಳನ್ನೂ ಒಂದರ ಮೇಲೊಂದಿಟ್ಟು ಒಟ್ಟಿಗೆ ಓರೆಯಾಗಿ ಕತ್ತರಿಸಿ. ಆಗ ಎರಡೂ ಓರೆ ಸರಿಯಾಗಿ ಕೂಡುತ್ತವೆ. ಒಂದರ ಮೇಲೊಂದು ಬಾರದಂತೆ ತುದಿಗೆ ತುದಿ ಮುಟ್ಟಿಸಿ, ಹೆಡ್ಡಿಗೆ ತಾಗದ ಒಳಮೈಗೆ, ರೀಲು ಕೂಡಿಸಲೆಂದೇ ಮಾಡಿದ ಸ್ಪ್ಲೈಸಿಂಗ್ ಟೇಪ್ ಅಂಟಿಸಿ, ಉಗುರಿನಿಂದ ಉಜ್ಜಿ. ಉಡುಗೊರೆ ಕಟ್ಟುವ ಸೆಲ್ಲೋಟೇಪನ್ನು ದಯವಿಟ್ಟು ಬಳಸಬೇಡಿ. ಅದರ ಅಂಟು ಬೇಸಿಗೆಯಲ್ಲಿ ಹೊರಜಿನುಗಿ ಮೇಲಿನ ಸುತ್ತನ್ನೂ ಕೆಳಗಿನ ಸುತ್ತನ್ನೂ ಕೂಡಿಸಿಬಿಡುತ್ತದೆ. ಮುದುಡಿದ ರೀಲನ್ನು ಕತ್ತರಿಸಿ ತೆಗೆಯುವ ಅಗತ್ಯವಿಲ್ಲ; ಬೆರಳಿನಿಂದ ನೇವರಿಸಿ ಸುತ್ತಿಬಿಟ್ಟರೆ ಒಂದೆರಡು ಸೆಕೆಂಡು ಧ್ವನಿ ತಡವರಿಸುತ್ತದೆ, ಅಷ್ಟೇ.

90 ನಿಮಿಷದ ಕ್ಯಾಸೆಟ್ಟಿನ ರೀಲು 60ರದ್ದಕ್ಕಿಂತ ತೆಳು. 120ರದ್ದು ಇನ್ನೂ ತೆಳು. ಅದಕ್ಕೆ ಫಾಸ್ಟ್ ಫಾರ್ವರ್ಡ್ ಒತ್ತದೆ ಪೆನ್ಸಿಲಿನಿಂದಲೇ ಸುತ್ತುವುದು ಲೇಸು. ಇನ್ನೊಂದು ಮಾತು: ಮನೆಯ ಧ್ವನಿಮುದ್ರಣಗಳನ್ನು ಹಾಕುವ ಮುನ್ನ ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಚಕ್ಕೆಗಳನ್ನು ಮುರಿದುಬಿಡಿ. ಆಮೇಲೆ ಯಾರು ರೆಕಾರ್ಡ್ ಗುಂಡಿ ಒತ್ತಿದರೂ ಅದು ಇಳಿಯುವುದಿಲ್ಲ.

ಕಂಪ್ಯೂಟರಿಗೆ ಇಳಿಸುವುದು

ತುಮಕೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟುವುದು ಊರಿನ ಮರ್ಯಾದೆಯ ಪ್ರಶ್ನೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ದುರ್ಯೋಧನನ ಪಾತ್ರ ವಹಿಸಿದವನಿಗೆ ಊರೊಳಗೆ ಆಮೇಲೂ ಅದೇ ಹೆಸರು. ಆ ರಾತ್ರಿಗಳನ್ನು ಯಾರಾದರೊಬ್ಬರು ರಂಗದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿರುತ್ತಾರೆ. ಕಂಪ್ಯೂಟರಿಗೆ ಇಳಿಸುವ ಶ್ರಮ ಇಂಥವಕ್ಕೆ ಸಲ್ಲಬೇಕು, ಸಿನಿಮಾ ಹಾಡಿಗಲ್ಲ.

ಬೇಕಾಗುವುದು 3.5 ಮಿ.ಮೀ. ಸ್ಟೀರಿಯೋ ಕೇಬಲ್ ಮತ್ತು ಲೈನ್-ಇನ್ (ಬೇರೆ ಯಂತ್ರದ ಧ್ವನಿಯನ್ನು ಒಳಗೆ ತೆಗೆದುಕೊಳ್ಳುವ ರಂಧ್ರ) ಇರುವ ಒಂದು ಯುಎಸ್‌ಬಿ ಆಡಿಯೋ ಅಡಾಪ್ಟರ್. ಲ್ಯಾಪ್‌ಟಾಪಿನ ಮೈಕ್ ರಂಧ್ರ ಸಾಮಾನ್ಯವಾಗಿ ಮೊನೊ, ಧ್ವನಿಯನ್ನು ಒಡೆದುಹಾಕುತ್ತದೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. 44,100 ಹರ್ಟ್ಸ್, 16 ಬಿಟ್ ಅಥವಾ ಅದಕ್ಕಿಂತ ಮೇಲೆ ಇಟ್ಟು, ಅತಿ ಜೋರಾದ ಕಡೆಯೂ ಮೀಟರು ಮೈನಸ್ 6 ಡೆಸಿಬಲ್ ದಾಟದಂತೆ ವಾಲ್ಯೂಮ್ ಹೊಂದಿಸಿ. ಮೂಲಪ್ರತಿಯನ್ನು ಧ್ವನಿಯ ಗುಣ ಕಳೆಯದ ಫ್ಲ್ಯಾಕ್ ರೂಪದಲ್ಲಿ ಉಳಿಸಿ. ವಾಟ್ಸ್ಆ್ಯಪಿನಲ್ಲಿ ಕಳಿಸಲು ಎಂಪಿ3 ಬೇರೆ ಮಾಡಿಕೊಳ್ಳಿ. ಸೊರಸೊರ ಸದ್ದು ತೆಗೆಯುವ ಆಸೆಗೆ ಮೂಲಪ್ರತಿಯನ್ನು ತಿದ್ದಬೇಡಿ.

ಇಳಿಸುವ ಮೊದಲು ಎರಡು ಸೂಕ್ಷ್ಮಗಳಿವೆ. ಹೆಡ್ಡಿನ ಪಕ್ಕ ಸ್ಪ್ರಿಂಗಿನ ಮೇಲೆ ಕೂತ ಪುಟ್ಟ ಸ್ಕ್ರೂ ಹೆಡ್ಡಿನ ಓರೆಯನ್ನು ನಿರ್ಧರಿಸುತ್ತದೆ. ಇನ್ನೊಂದು ಯಂತ್ರದಲ್ಲಿ ಮುದ್ರಿಸಿದ ಕ್ಯಾಸೆಟ್ ನಿಮ್ಮದರಲ್ಲಿ ಮಂಕಾಗಿ ಕೇಳಿದರೆ, ಓಡುತ್ತಿರುವಾಗಲೇ ಆ ಸ್ಕ್ರೂವನ್ನು ಕಾಲು ಸುತ್ತಿನೊಳಗೆ ಅತ್ತಿತ್ತ ತಿರುಗಿಸಿ, ತಾಳದ ಸದ್ದು ಅತ್ಯಂತ ಚುರುಕಾಗಿ ಕೇಳುವ ಕಡೆ ನಿಲ್ಲಿಸಿ. ಮೊದಲಿದ್ದ ಸ್ಥಾನಕ್ಕೆ ಬಣ್ಣದ ಚುಕ್ಕೆ ಇಟ್ಟಿರಬೇಕು.

ಎರಡನೆಯದು ವೇಗ. ಕರೆಂಟಿನಲ್ಲಿ ಓಡುತ್ತಿದ್ದ ಯಂತ್ರದಲ್ಲಿ ಮುದ್ರಿಸಿದ್ದರೆ ಕ್ಯಾಸೆಟ್ಟಿನೊಳಗೇ 50 ಹರ್ಟ್ಸಿನ ಗುಂಯ್ ಸದ್ದು ಅಡಗಿರುತ್ತದೆ. ನಿಮ್ಮ ಯಂತ್ರವನ್ನು ಬ್ಯಾಟರಿಯಲ್ಲಿ ಓಡಿಸಿ ಮುದ್ರಿಸಿಕೊಂಡು, ಯಾರೂ ಮಾತಾಡದ ತುಣುಕೊಂದನ್ನು ಆಡಾಸಿಟಿಯ ಸ್ಪೆಕ್ಟ್ರಮ್ ನೋಟದಲ್ಲಿ ತೆರೆಯಿರಿ. ಶಿಖರ 53ರಲ್ಲಿ ನಿಂತಿದ್ದರೆ ಕ್ಯಾಸೆಟ್ ಸುಮಾರು ಶೇ. 6ರಷ್ಟು ವೇಗವಾಗಿ ಓಡುತ್ತಿದೆ. ತೊಂಬತ್ತರ ದಶಕದಲ್ಲಿ ದಕ್ಷಿಣದ ವಿದ್ಯುತ್ ಜಾಲ 50ಕ್ಕಿಂತ ಕೆಳಗಿಳಿಯುವುದು ಮಾಮೂಲಾಗಿದ್ದರಿಂದ ಒಂದೆರಡು ಅಂಕ ಬಿಟ್ಟುಕೊಡಿ. ಕೊನೆಯ ತೀರ್ಮಾನವನ್ನು ಆ ದನಿಯನ್ನು ಬಲ್ಲ ಮನೆಯ ಹಿರಿಯರಿಗೆ ಬಿಡಿ. ಮೋಟಾರಿನ ಬೆನ್ನಿನ ಸಣ್ಣ ರಂಧ್ರದೊಳಗೆ ವೇಗ ಹೊಂದಿಸುವ ಸ್ಕ್ರೂ ಬಹುತೇಕ ಯಂತ್ರಗಳಲ್ಲಿ ಇರುತ್ತದೆ.

ಅಂಗಡಿಯ ಕ್ಯಾಸೆಟ್ಟುಗಳನ್ನು ಇಳಿಸಿ ಯೂಟ್ಯೂಬಿಗೆ ಏರಿಸುವ ಮುನ್ನ ನೆನಪಿರಲಿ: ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ನಂತರ 60 ವರ್ಷ ಇರುತ್ತದೆ.

ವಿಡಿಯೋ ಕ್ಯಾಸೆಟ್, ಫ್ಲಾಪಿ

ಮದುವೆಯ ವಿಎಚ್ಎಸ್ ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ವಿಸಿಆರಿಗೆ ಹಾಕಲೇಬೇಡಿ. ತಿರುಗುವ ಹೆಡ್ಡಿನ ಉರುಳೆಗೆ ಬೂಷ್ಟು ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಇದನ್ನೇ ವೃತ್ತಿಯಾಗಿ ಮಾಡುವವರಿಗೆ ಕೊಡಿ. ಚೆನ್ನಾಗಿರುವ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿ ಬಿಗಿ ಸಡಿಲಿಸಿದ ಮೇಲೆ ನೋಡಿ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲಿ ಕೈಬಿಟ್ಟಿತು. ಈಗ ಸಿಗುವುದೆಲ್ಲ ಹಳೆಯದೇ. ಓಡುತ್ತಿರುವ ವಿಸಿಆರ್ ಸಿಕ್ಕಿದ ವಾರವೇ ಮನೆಯ ವಿಡಿಯೋಗಳನ್ನೆಲ್ಲ ವಿಸಿಆರನ್ನು ಕಂಪ್ಯೂಟರಿಗೆ ಜೋಡಿಸುವ ಕ್ಯಾಪ್ಚರ್ ಸಾಧನದ ಮೂಲಕ ಇಳಿಸಿಕೊಳ್ಳಿ. ನಮ್ಮ ದೇಶದ್ದು ಪಾಲ್ ಎಂಬ ಟಿವಿ ಚಿತ್ರಪದ್ಧತಿ. 720×576, ಸೆಕೆಂಡಿಗೆ 25 ಚೌಕಟ್ಟು ಎಂದು ಆರಿಸಿ.

1.44 ಎಂಬಿ ಫ್ಲಾಪಿಗೆ ಯುಎಸ್‌ಬಿ ಡ್ರೈವ್ ಸಿಗುತ್ತದೆ. ಓದಿದರೆ ಓದಿತು.

ಟಿವಿ ಗೇಮ್

ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಿಗೆ ಬಂದ ಸಮುರಾಯ್, ಲಿಟಲ್ ಮಾಸ್ಟರ್ ಮುಂತಾದವು ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಯಂತ್ರದ ವಿನ್ಯಾಸದವು. 60 ಪಿನ್ನಿನ ಆ ಕ್ಯಾಸೆಟ್ಟುಗಳು ಒಂದರದ್ದು ಇನ್ನೊಂದಕ್ಕೆ ಹೊಂದುವುದು ಅದಕ್ಕೇ. ಗುಜರಿಯಲ್ಲಿ ಸಿಕ್ಕ ಯಂತ್ರಕ್ಕೆ ಮನೆಯ ಯಾವುದೋ ಅಡಾಪ್ಟರ್ ಚುಚ್ಚುವುದೇ ಅದನ್ನು ಸಾಯಿಸುವ ಸುಲಭದ ದಾರಿ. ಸಾಮಾನ್ಯವಾಗಿ 9 ವೋಲ್ಟ್ ಬೇಕು. ಆದರೆ ಪ್ಲಗ್ಗಿನ ನಡುವಿನ ತೂತು ಧನವೋ ಋಣವೋ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಮೂಲ ಫ್ಯಾಮಿಕಾಮಿನಲ್ಲಿ ನಡುವಿನದು ಋಣ. ಯಂತ್ರದ ಮೇಲಿನ ಚಿಹ್ನೆ ನೋಡಿ, ಅಡಾಪ್ಟರನ್ನು ಮಲ್ಟಿಮೀಟರಿನಲ್ಲಿ ಅಳೆದು, ಎರಡೂ ತಾಳೆಯಾದ ಮೇಲೆ ಸೇರಿಸಿ. ವೈರು ಬಿರುಕು ಬಿಟ್ಟ ಹಳೆಯ ಅಡಾಪ್ಟರನ್ನು ಉಳಿಸಿಕೊಳ್ಳುವ ಹಟ ಬೇಡ.

ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಹಾಕುವ ಅಭ್ಯಾಸ ನಮಗೆಲ್ಲ ಇತ್ತು. ಉಸಿರಿನ ತೇವ ತಾಮ್ರದ ಪಟ್ಟಿಗಳನ್ನು ಕಾಲಕ್ರಮದಲ್ಲಿ ತಿನ್ನುತ್ತದೆ. ಆಟ ಶುರುವಾಗುತ್ತಿದ್ದುದು ಊದಿದ್ದರಿಂದಲ್ಲ, ತೆಗೆದು ಮತ್ತೆ ಹಾಕಿದ್ದರಿಂದ. ಐಪಿಎ ಅದ್ದಿದ ಹತ್ತಿಯನ್ನು ಪಟ್ಟಿಗಳ ಉದ್ದಕ್ಕೂ ಮೇಲಿಂದ ಕೆಳಕ್ಕೆ ಎಳೆಯಿರಿ. ಕಪ್ಪು ಕಲೆ ಹೋಗದಿದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ. ಅಷ್ಟಾದರೂ ಪರದೆ ಬೂದಾಗಿಯೇ ಇದ್ದರೆ ಕವಚ ಬಿಚ್ಚಿ ನೋಡಿ: ಅಗ್ಗದ ಕ್ಯಾಸೆಟ್ಟುಗಳಲ್ಲಿ ಎಲೆಕ್ಟ್ರಾನಿಕ್ ಚಿಪ್ ಇರುವ ಜಾಗದಲ್ಲಿ ಒಂದು ಕಪ್ಪು ಅಂಟಿನ ಗುಳ್ಳೆ ಇರುತ್ತದೆ. ಅದು ಕೆಟ್ಟರೆ ರಿಪೇರಿಯಿಲ್ಲ. "9999 ಇನ್ 1" ಎಂಬ ಹೆಸರಿಗೂ ಮರುಳಾಗಬೇಡಿ. ಬೆರಳೆಣಿಕೆಯ ಆಟಗಳನ್ನೇ ಬೇರೆ ಬೇರೆ ಹಂತಗಳಿಂದ ಶುರುಮಾಡಿ ಪಟ್ಟಿ ಬೆಳೆಸಿರುತ್ತಾರೆ.

ಗುಂಡಿ ಒತ್ತಿದರೂ ಹಾರದ ಜಾಯ್‌ಸ್ಟಿಕ್ಕಿನ ಒಳಗೆ ಕಪ್ಪು ಕಾರ್ಬನ್ ಚುಕ್ಕೆಯಿರುವ ರಬ್ಬರ್ ಹಾಳೆ ಇರುತ್ತದೆ. ಅದನ್ನೂ, ಅದು ಕೂರುವ ಜಾಗವನ್ನೂ ಒರೆಸಿದರೆ ಹತ್ತರಲ್ಲಿ ಎಂಟು ಸಲ ಸರಿಹೋಗುತ್ತದೆ. ಉಳಿದ ಎರಡರಲ್ಲಿ ವೈರು ಪ್ಲಗ್ಗಿನ ಕುತ್ತಿಗೆಯಲ್ಲೇ ತುಂಡಾಗಿರುತ್ತದೆ.

ಈಗಿನ ಟಿವಿಗೆ ಸೇರಿಸುವುದಾದರೆ ಹಳದಿ, ಬಿಳಿ ಎವಿ ತಂತಿಗಳನ್ನು ಬಳಸಿ. ಹೊಸ ಟಿವಿಗಳಲ್ಲಿ ಎವಿಗೆ 3.5 ಮಿ.ಮೀ.ನ ಒಂದೇ ತೂತು ಇರುವುದುಂಟು. ಅದರ ತಂತಿಯ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ ಆ ಟಿವಿಯದೇ ಕೇಬಲ್ ಬೇಕು. ಚಿತ್ರ ಕಪ್ಪುಬಿಳುಪಾಗಿ ಬಂದರೆ ಟಿವಿಯ ಮೆನುವಿನಲ್ಲಿ ಪಾಲ್ ಮತ್ತು ಎನ್‌ಟಿಎಸ್‌ಸಿ ಎಂಬ ಚಿತ್ರಪದ್ಧತಿಗಳನ್ನು ಬದಲಿಸಿ ನೋಡಿ. ಗೇಮ್ ಮೋಡ್ ಹಾಕಿಕೊಳ್ಳಿ, ಇಲ್ಲದಿದ್ದರೆ ಗುಂಡಿ ಒತ್ತಿದ ಎಷ್ಟೋ ಹೊತ್ತಿಗೆ ಮಾರಿಯೋ ಹಾರಿ, ಅಷ್ಟರಲ್ಲಿ ಹಳ್ಳಕ್ಕೆ ಬಿದ್ದಿರುತ್ತಾನೆ.

ಬಾತುಕೋಳಿ ಹೊಡೆಯುವ ಗನ್ ಮಾತ್ರ ಹೊಸ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಗನ್ನಿನ ಕುದುರೆ (ಟ್ರಿಗರ್) ಎಳೆದ ಕ್ಷಣ ಪರದೆ ಒಮ್ಮೆ ಪೂರ್ತಿ ಕಪ್ಪಾಗಿ, ಮರುಕ್ಷಣ ಗುರಿಯ ಜಾಗದಲ್ಲಷ್ಟೇ ಬಿಳಿ ಚೌಕ ಮೂಡುತ್ತದೆ. ಗನ್ನಿನ ಮೂತಿಯೊಳಗಿನ ಬೆಳಕುಕಣ್ಣು ಆ ಚೌಕವನ್ನು ಅದೇ ಕ್ಷಣದಲ್ಲಿ ಕಂಡರೆ ಹಕ್ಕಿ ಬಿತ್ತು. ಎಲ್ಇಡಿ ಟಿವಿ ಚಿತ್ರವನ್ನು ತಡಮಾಡಿ ತೋರಿಸುವುದರಿಂದ ಲೆಕ್ಕ ತಪ್ಪುತ್ತದೆ. ಇದಕ್ಕಾಗಿಯೇ ಒಂದು 14 ಇಂಚಿನ ಹಳೆಯ ಡಬ್ಬಾ ಟಿವಿಯನ್ನು ಮನೆಗೆ ತರುವುದು ಸಾರ್ಥಕ. ಕೆಟ್ಟರೆ ಮಾತ್ರ ನೀವಾಗಿ ಬಿಚ್ಚಬೇಡಿ. ಬಣ್ಣದ ಪಿಕ್ಚರ್ ಟ್ಯೂಬಿನ ಹಿಂದೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡವಿರುತ್ತದೆ, ಪ್ಲಗ್ ತೆಗೆದ ಮೇಲೂ ಅದು ಉಳಿದಿರುತ್ತದೆ.

ಇಬ್ಬರು ಕೂತು ಆಡುವುದಾದರೆ ಕೊನಾಮಿಯ ಕಾಂಟ್ರಾದಿಂದ ಶುರುಮಾಡಿ. ಶೀರ್ಷಿಕೆಯ ಪರದೆಯಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿ, ಇಬ್ಬರಿಗೂ ಬೇಕಾದ್ದರಿಂದ ಸೆಲೆಕ್ಟ್ ಒಂದು ಸಲ ಒತ್ತಿ ಸ್ಟಾರ್ಟ್ ಕೊಟ್ಟರೆ ತಲಾ ಮೂವತ್ತು ಜೀವ. ಅಷ್ಟೂ ಸಾಲದೆಂದು ಎರಡನೆಯವನ ಜೀವ ಕದಿಯುವವರ ಜೊತೆ ಆಡಬೇಡಿ.

ಎತ್ತಿಡುವ ಬಗೆ

ಕ್ಯಾಸೆಟ್ಟುಗಳನ್ನು ಒಂದು ಬದಿಗೆ ಪೂರ್ತಿ ಸುತ್ತಿ, ಪುಸ್ತಕ ನಿಲ್ಲಿಸುವಂತೆ ನಿಲ್ಲಿಸಿ. ಸ್ಪೀಕರಿನ ಮೇಲೆ ಇಡಬೇಡಿ, ಒಳಗೆ ಅಯಸ್ಕಾಂತವಿದೆ. ಕಬ್ಬಿಣದ ಬೀರುವಿನ ಮೇಲಿನ ಅರೆ, ತಗಡಿನ ಮಾಡಿನ ಕೋಣೆ ಬೇಡ. ಮುಂಗಾರಿನಿಂದ ದೀಪಾವಳಿಯವರೆಗೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವವೇ ಸಾಕು. ಬ್ಯಾಟರಿ ಸೆಲ್ಲುಗಳನ್ನು ಯಂತ್ರದೊಳಗೆ ಬಿಟ್ಟು ಎತ್ತಿಡಬೇಡಿ. ಯಂತ್ರವನ್ನು ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ, ಇಲ್ಲದಿದ್ದರೆ ಬೆಲ್ಟು ಒಂದೇ ಆಕಾರದಲ್ಲಿ ಕಚ್ಚಿಕೊಳ್ಳುತ್ತದೆ.

ಮನೆಯ ಧ್ವನಿಮುದ್ರಣಗಳ ಚೀಟಿಯಲ್ಲಿ ಊರು, ಸಂದರ್ಭ, ಯಾರ ದನಿ, ಯಾವ ಬದಿಯಲ್ಲಿ ಏನಿದೆ ಎಂಬುದನ್ನು ಬರೆಯಿರಿ. ದನಿ ಗುರುತಿಸಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸ ಮಾಡಬೇಕು. ಹಾರ್ಮೋನಿಯಂ ಯಾರದು, ಕೃಷ್ಣನ ಪಾತ್ರ ಯಾರದು, ನಡುವೆ ಕೂಗಿದ ಮಗು ಯಾರ ಮನೆಯದು ಎಂದು ಅವರು ಹೇಳುತ್ತಾ ಹೋದ ಹಾಗೆ ಕ್ಯಾಸೆಟ್ಟಿನ ಎಷ್ಟನೇ ನಿಮಿಷ ಎಂಬುದನ್ನೂ ಎದುರಿಗೆ ಗುರುತು ಹಾಕಿಕೊಳ್ಳಿ. ಕಡತದ ಹೆಸರಿನಲ್ಲೂ ಅದೇ ವಿವರ ಇರಲಿ.